ಜುಮ್ ಅಂದರೆ ಆನ್

ನೆಲ ಒರೆಸಿ ಇನ್ನೂ ಆರಿರಲಿಲ್ಲ. ಬರಿಗಾಲಲ್ಲಿ ನಿಂತು ಹಾಲ್‌ನಲ್ಲಿದ್ದ ಹಳೆಯ ಆಂಪ್ಲಿಫೈಯರ್ ಮೇಲಿನ ಧೂಳು ತೆಗೆಯುತ್ತಿದ್ದೆ. ಬಟ್ಟೆ ಸ್ವಲ್ಪ ಜಾರಿ ಬೆರಳು ಅದರ ಕಬ್ಬಿಣದ ಮೈಗೆ ತಾಗಿದ್ದೇ ತಡ, ಮೊಣಕೈವರೆಗೂ ಜುಮ್ ಎಂದಿತು. ಕೈ ಎಳೆದುಕೊಂಡೆ. ಇನ್ನೊಮ್ಮೆ ಮುಟ್ಟಿ ಖಾತ್ರಿ ಮಾಡಿಕೊಳ್ಳುವ ಧೈರ್ಯ ನನಗಿಲ್ಲ. ಮೊದಲೇ ನಾನು ಪುಕ್ಕಲಿ. ಗೇಟಿನವರೆಗೆ ಹೋದವಳು ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ವಾಪಸು ಬಂದು ನೋಡುವ ಜಾತಿ. ನನ್ನ ಗಂಡ ಚಪ್ಪಲಿ ಹಾಕಿಕೊಂಡು ಹೊರಗೆ ನಿಂತು, "ಆಯ್ತಾ ತಪಾಸಣೆ?" ಎಂದು ಕೂಗುವುದು ನಮ್ಮ ಮನೆಯಲ್ಲಿ ದಿನದ ಮಾತು.

ಅಮ್ಮ ಊಟದ ಮೇಜಿನ ಮುಂದೆ ಕೂತು ನೆನೆಸಿದ ಅವರೆಕಾಳಿನ ಸಿಪ್ಪೆ ಹಿಸುಕಿ ತೆಗೆಯುತ್ತಿದ್ದಳು. ಅವಳಿಗೆ ಕಣ್ಣು ಹೆಚ್ಚುಕಮ್ಮಿ ಹೋಗಿದೆ. ಗ್ಲಾಕೋಮಾ. ಬೆಳಕು ಯಾವ ಕಡೆಯಿದೆ ಅನ್ನುವುದು ತಿಳಿಯುತ್ತದೆ, ಎದುರಿಗೆ ನಿಂತವರು ಯಾರು ಅನ್ನುವುದು ತಿಳಿಯುವುದಿಲ್ಲ. ಆದರೆ ಅವರೆಕಾಳು ಹಿಸುಕುವುದಕ್ಕೆ ಕಣ್ಣು ಬೇಕಿಲ್ಲವಲ್ಲ.

"ಅಮ್ಮಾ, ಸೆಟ್ಟು ಮುಟ್ಟಿದ್ರೆ ಶಾಕ್ ಹೊಡೀತಿದೆ. ನಿಂಗ್ಯಾವತ್ತಾದ್ರೂ ಹೊಡೆದಿತ್ತಾ?" ಎಂದು ಕೇಳಿದೆ.

"ಶಾಕ್ ಅಲ್ಲ ಕಣೆ ಅದು. ಜುಮ್ ಅನ್ನತ್ತೆ, ಅಷ್ಟೆ."

"ಅಂದ್ರೆ ನಿಂಗೆ ಗೊತ್ತಾ?"

"ಗೊತ್ತಿಲ್ದೆ ಏನು? ಅದ್ರಲ್ಲೇ ತಾನೆ ನಂಗೆ ತಿಳಿಯೋದು. ಜುಮ್ ಅಂದ್ರೆ ಆನ್ ಇದೆ ಅಂತ, ಸುಮ್ನಿದ್ರೆ ಆಫ್ ಆಗಿದೆ ಅಂತ. ಆ ಕೆಂಪು ದೀಪ ನಂಗೆಲ್ಲಿ ಕಾಣತ್ತೆ ಈಗ?"

ಅಮ್ಮ ಒಂದು ಕಾಳು ಹಿಸುಕಿ ಬೋಗುಣಿಗೆ ಹಾಕಿ, ನನಗೆ ಉಪಯೋಗವಾಗುವ ಸಂಗತಿಯೊಂದನ್ನು ಹೇಳಿಕೊಡುವ ದನಿಯಲ್ಲಿ ಮುಂದುವರಿಸಿದಳು. "ಒಣಗಿದ ಕೈಲಿ ಸರಿಯಾಗಿ ಗೊತ್ತಾಗಲ್ಲ ನೋಡು. ಬೆರಳು ಒಂಚೂರು ಒದ್ದೆ ಮಾಡ್ಕೊಂಡ್ ಮುಟ್ಟಿದ್ರೆ ಚೆನ್ನಾಗಿ ಗೊತ್ತಾಗತ್ತೆ."

ಅಮ್ಮನ ಬೆಳಗಿನ ದಿನಚರಿ ಕಣ್ಣ ಮುಂದೆ ಬಂತು. ಸ್ನಾನ ಮಾಡಿ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಗೋಡೆ ಸವರಿಕೊಂಡು ಬರಿಗಾಲಲ್ಲಿ ಬಂದು ರೇಡಿಯೊ ಹಾಕುತ್ತಾಳೆ. ನಡುವೆ ಫೋನ್ ಬಂದರೆ, ನನ್ನ ಗಂಡನಿಗೆ ಆಫೀಸಿನ ಮೀಟಿಂಗ್ ಇದ್ದರೆ, ದನಿ ಪೂರ್ತಿ ಇಳಿಸಿಬಿಡುತ್ತಾಳೆ. ಆಮೇಲೆ ಆಫ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಅವಳನ್ನು ಕಾಡುತ್ತದೆ. ಸೆಟ್ಟು ಹಾಗೇ ಉಳಿದು ಬಿಸಿಯಾಗಿ ಮನೆಗೆ ಬೆಂಕಿ ಬೀಳುತ್ತದೆ ಎಂಬ ಹೆದರಿಕೆ ಅವಳಿಗೆ ಮೊದಲಿಂದಲೂ ಇದೆ. ನನ್ನ ಪುಕ್ಕಲುತನ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಣ್ಣಿದ್ದಾಗ ಕೆಂಪು ದೀಪ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಕಣ್ಣು ಹೋದ ಮೇಲೆ, ಬೆಂಕಿಯ ಹೆದರಿಕೆಯಲ್ಲಿ, ದಿನಾ ಒದ್ದೆ ಬೆರಳಿಂದ ಕರೆಂಟನ್ನು ಮುಟ್ಟಿ ನೋಡುತ್ತಿದ್ದಾಳೆ.

ಪ್ಲಗ್ ಕಿತ್ತು ಹಾಕಿದೆ. ಅಷ್ಟಕ್ಕೇ ಸಮಾಧಾನವಾಗದೆ ವೈರನ್ನು ಸುತ್ತಿ ಡಬ್ಬದ ಹಿಂದೆ ತುರುಕಿದೆ.

ಆ ಆಂಪ್ಲಿಫೈಯರ್ ಅಂಗಡಿಯದಲ್ಲ, ಅಪ್ಪ ಮಾಡಿದ್ದು. ಅಪ್ಪ ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿದ್ದ. ಆ ಕಾಲದಲ್ಲಿ ಕ್ವಾರ್ಟರ್ಸ್‌ನಲ್ಲಿ ಸ್ವಲ್ಪ ಕೈ ಪಳಗಿದವರೆಲ್ಲ ತಮ್ಮ ಸೆಟ್ಟನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಒಬ್ಬ ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟರೆ ಇನ್ನೊಬ್ಬ ತಗಡು ಬಗ್ಗಿಸಿಕೊಡುವನು. ಕಾರ್ಖಾನೆಯ ಯಂತ್ರಗಳಿಗೆ ಬಳಿಯುವ ಬೂದು ಬಣ್ಣವೇ ಮನೆಯ ಸೆಟ್ಟಿಗೂ. ಅಪ್ಪ ಒಂದೇ ಅಳತೆಯ ಎರಡು ಡಬ್ಬ ಮಾಡಿದ್ದ. ಕೆಳಗಿನದು ಆಂಪ್ಲಿಫೈಯರ್, ಮೇಲಿನದು ರೇಡಿಯೊ. ಎರಡೂ ಕಬ್ಬಿಣ. ಅಪ್ಪ ಹೋದ ಮೇಲೆ ಅಮ್ಮ ಅಮೃತಹಳ್ಳಿಗೆ, ನಮ್ಮ ಮನೆಗೆ ಬಂದಾಗ, ಎರಡು ಟ್ರಂಕ್ ಬಟ್ಟೆಪಾತ್ರೆಯ ಜೊತೆ ಈ ಎರಡು ಡಬ್ಬ, ಎರಡು ಸ್ಪೀಕರ್ ಬಂದವು.

ಸಂಜೆ ಗಂಡನಿಗೆ ಹೇಳಿದೆ. ಅವನು ನಗಲಿಲ್ಲ. ಅದೇ ನನಗೆ ಇನ್ನಷ್ಟು ಭಯ ಹುಟ್ಟಿಸಿತು. "ಯೋಚ್ನೆ ಮಾಡೋದೇನಿದೆ? ಅದನ್ನ ಗುಜರಿಗೆ ಹಾಕು. ಹೊಸದು ತರೋಣ," ಎಂದ.

ಎರಡು ದಿನದಲ್ಲಿ ಹೊಸದು ಬಂತು. ಅಂಗೈಯಲ್ಲಿ ಹಿಡಿಯುವಷ್ಟು ದುಂಡಗಿನ ಪ್ಲಾಸ್ಟಿಕ್ ಸ್ಪೀಕರ್. ಮುಟ್ಟುವುದೇ ಬೇಡ, ಬಾಯಲ್ಲಿ ಹೇಳಿದರೆ ಸಾಕು, ಹಾಡುತ್ತದೆ. ಕಣ್ಣು ಕಾಣದವರಿಗೆ ಹೇಳಿ ಮಾಡಿಸಿದ್ದು ಎಂದು ನಾನೂ ಹಿಗ್ಗಿದೆ. ಗಂಡ ಅಮ್ಮನ ಪಕ್ಕ ಕೂತು, "ಅತ್ತೆ, ಏನು ಬೇಕೋ ಕೇಳಿ," ಎಂದ.

ಅಮ್ಮ ಸೆರಗು ಸರಿಮಾಡಿಕೊಂಡು, "ರೇಡಿಯೊ ಹಾಕಪ್ಪಾ," ಎಂದಳು.

ಅದು ಇಂಗ್ಲಿಷಿನಲ್ಲಿ ಏನೋ ಕ್ಷಮೆ ಕೇಳಿತು. ಅಮ್ಮ ಇನ್ನೂ ಮೆತ್ತಗೆ, "ಕನ್ನಡ ವಾರ್ತೆ ಹಾಕ್ತೀಯಾಪ್ಪಾ?" ಎಂದಳು. ಅದು ಯಾವುದೋ ಹಿಂದಿ ಹಾಡು ಶುರುಮಾಡಿತು. ಗಂಡ ಗದರಿದ ಮೇಲೆ ನಿಂತಿತು. ಅಮ್ಮ ಕೈ ಚಾಚಿ ಅದರ ದುಂಡು ಮೈ ಸವರಿ ನೋಡಿದಳು.

"ನಾವು ಮಾತಾಡೋದನ್ನೆಲ್ಲ ಇದು ಕೇಳಿಸ್ಕೊಳ್ತಾನೇ ಇರತ್ತಾ?" ಎಂದು ಆಮೇಲೆ ನನ್ನನ್ನು ಕೇಳಿದಳು.

"ಹೂಂ. ಇಲ್ದಿದ್ರೆ ನಾವು ಕರೆದಿದ್ದು ಅದಕ್ಕೆ ಹೇಗೆ ತಿಳಿಯತ್ತೆ?"

"ಹಂಗಾದ್ರೆ ಇದು ಆಫ್ ಆಗೋದೇ ಇಲ್ಲ ಅನ್ನು."



ಮಾರನೆಯ ಬೆಳಿಗ್ಗೆ ಅಮ್ಮ ಸ್ನಾನ ಮಾಡಿದವಳು ಹಾಲ್‌ಗೆ ಬರಲೇ ಇಲ್ಲ. ಮಂಚದ ಮೇಲೆ ಕೂತಿದ್ದಳು. ಅದರ ಮಾರನೆಯ ದಿನವೂ ಅಷ್ಟೆ. ಹೊಸ ಸ್ಪೀಕರಿನಲ್ಲಿ ರೇಡಿಯೊ ಹಾಕಿಕೊಡಲಾ ಎಂದು ಕೇಳಿದರೆ, "ನೀನು ಕೆಲ್ಸ ನೋಡ್ಕೋ," ಎನ್ನುವಳು. ಮೂರನೆಯ ದಿನ ಸ್ನಾನಕ್ಕೇ ಏಳಲಿಲ್ಲ. ಕಾಫಿ ಲೋಟ ಹಿಡಿದು ಪಕ್ಕ ಕೂತೆ.

"ಏನಾಯ್ತಮ್ಮಾ?"

"ಏನೂ ಇಲ್ಲ. ಎದ್ದು ಏನ್ ಮಾಡ್ಲಿ?"

ಅಷ್ಟೇ ಅವಳು ಹೇಳಿದ್ದು. ಉಳಿದದ್ದನ್ನು ನಾನೇ ಲೆಕ್ಕ ಹಾಕಿಕೊಂಡೆ. ಒಲೆ ಹಚ್ಚಬೇಡ ಎಂದಿದ್ದು ನಾನು, ಸೆರಗಿಗೆ ಕಿಡಿ ತಾಗುತ್ತದೆ ಅಂತ. ದೇವಸ್ಥಾನಕ್ಕೆ ಒಬ್ಬಳೇ ಹೋಗಬೇಡ ಎಂದಿದ್ದೂ ನಾನೇ, ಫುಟ್‌ಪಾತಿನ ಕಲ್ಲುಗಳು ಎಲ್ಲಿ ಬಾಯಿ ತೆರೆದಿವೆಯೋ ಕಣ್ಣಿದ್ದವರಿಗೇ ಕಾಣುವುದಿಲ್ಲ. ಇಡೀ ದಿನದಲ್ಲಿ ಯಾರನ್ನೂ ಕೇಳದೆ, ಯಾರ ಕೈಯನ್ನೂ ಹಿಡಿಯದೆ ಅವಳು ಮಾಡುತ್ತಿದ್ದದ್ದು ಒಂದೇ, ಟಕ್ ಎಂದು ಆ ಸ್ವಿಚ್ ಒತ್ತಿ, ಗುಂಡಿ ತಿರುಗಿಸಿ ರೇಡಿಯೊ ಹಾಕುವುದು. ಆ ಸ್ವಿಚ್ ಎಲ್ಲಿದೆ, ಗುಂಡಿ ಎಷ್ಟು ತಿರುಗಿಸಿದರೆ ಎಷ್ಟು ದನಿ, ಎಲ್ಲ ಅವಳ ಬೆರಳಿಗೆ ಗೊತ್ತು. ಅದನ್ನೂ ಕಿತ್ತು ಡಬ್ಬದ ಹಿಂದೆ ತುರುಕಿದ್ದೆ. ಹಾಗಂತ ಮತ್ತೆ ಪ್ಲಗ್ ಹಾಕಲಾ? ಒಂದು ದಿನ ಜುಮ್ ಎನ್ನುವುದು ಜುಮ್‌ಗೆ ನಿಲ್ಲದಿದ್ದರೆ? ನಾನು ಶಾಲೆಯಲ್ಲಿ ಪಾಠ ಮಾಡುತ್ತಿರುವಾಗ, ಮನೆಯಲ್ಲಿ ಯಾರೂ ಇಲ್ಲದಾಗ? ಎರಡು ಕಡೆಯೂ ಭಯ. ಅವತ್ತು ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತ ಬರೆಯುತ್ತ ಮಧ್ಯೆ ನಿಂತುಬಿಟ್ಟೆ. ಮಕ್ಕಳು ಪಿಸಪಿಸ ಎಂದ ಮೇಲೆ ಎಚ್ಚರವಾಯಿತು.

ಶನಿವಾರ ಎರಡೂ ಡಬ್ಬಗಳನ್ನು ಕಾರಿಗೆ ಹಾಕಿಕೊಂಡು ಆರ್.ಟಿ. ನಗರಕ್ಕೆ ಹೊರಟೆವು. ಹಳೆಯ ಸೆಟ್ಟು ರಿಪೇರಿ ಮಾಡುವವರೊಬ್ಬರು ಅಲ್ಲಿದ್ದಾರೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಆಂಪ್ಲಿಫೈಯರ್ ನನ್ನ ತೊಡೆಯ ಮೇಲಿತ್ತು, ಒಳ್ಳೆ ಕಲ್ಲಿನ ಹಾಗೆ ಭಾರ. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ಇರುವೆಯ ಸಾಲಿನಂತೆ ನಿಂತಿದ್ದವು. ಪ್ಲಗ್ ಇಲ್ಲದ ಡಬ್ಬ ಏನೂ ಮಾಡದು ಎಂದು ಗೊತ್ತಿದ್ದರೂ ನಾನು ದುಪಟ್ಟಾ ಮಡಿಸಿ ಅದರ ಮೇಲೆ ಹಾಕಿ, ದುಪಟ್ಟಾದ ಮೇಲೆ ಕೈಯಿಟ್ಟುಕೊಂಡಿದ್ದೆ.

"ಅದೇನು ಕಚ್ಚತ್ತಾ?" ಎಂದ ಗಂಡ.

"ಸುಮ್ನೆ ಓಡ್ಸು," ಎಂದೆ.

ಅಂಗಡಿಯಾತ ನಮ್ಮ ವಯಸ್ಸಿನವನೇ. ಒಳಗಿನ ಕೋಣೆಯಲ್ಲಿದ್ದ ತಾಯಿಯ ಜೊತೆ ಉರ್ದುವಿನಲ್ಲಿ ಏನೋ ವಾದ ಮಾಡುತ್ತಿದ್ದವನು ನಮ್ಮನ್ನು ಕಂಡು ಕನ್ನಡಕ್ಕೆ ಹೊರಳಿದ. ಡಬ್ಬದ ಮೇಲುಮುಚ್ಚಳ ಬಿಚ್ಚಿ, "ಅರೆ, ಎಷ್ಟು ನೀಟಾಗಿ ಮಾಡಿದಾರೆ ಮೇಡಂ, ಯಾರ್ ಮಾಡಿದ್ದು?" ಎಂದು ಖುಷಿಪಟ್ಟ. ಆಮೇಲೆ ಮೀಟರಿನ ಎರಡು ಕಡ್ಡಿ ಅಲ್ಲಿ ಇಲ್ಲಿ ಇಟ್ಟು ನೋಡಿದ. ಖುಷಿ ಇಳಿಯಿತು. ಟ್ರಾನ್ಸ್‌ಫಾರ್ಮರ್ ಮುದಿಯಾಗಿದೆ, ಒಳಗಿನ ಕರೆಂಟು ಡಬ್ಬಕ್ಕೆ ಸೋರುತ್ತಿದೆ ಎಂದ. ಇವತ್ತು ಸ್ವಲ್ಪ ಸೋರುತ್ತಿದೆ, ಯಾವತ್ತು ಪೂರ್ತಿ ಸೋರುತ್ತದೋ ಹೇಳಲಾಗದು.

"ಆದ್ರೆ ಮೂರು ಪಿನ್ನಿನ ಪ್ಲಗ್ ಇದೆಯಲ್ಲ? ಅರ್ಥ್ ಇರುವಾಗ ಹೇಗೆ ಶಾಕ್ ಹೊಡೆಯತ್ತೆ?" ಎಂದು ಗಂಡ ಕೇಳಿದ.

ಆತ ವೈರು ಒಳಗೆ ಬರುವ ಜಾಗವನ್ನು ತೋರಿಸಿದ. ಮೂರು ತಂತಿಗಳಲ್ಲಿ ಎರಡು ತಮ್ಮ ತಮ್ಮ ಜಾಗಕ್ಕೆ ಹೋಗಿದ್ದವು. ಮೂರನೆಯದು, ಹಸಿರು ತಂತಿ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಲು ಡಬ್ಬಕ್ಕೆ ಸೇರಬೇಕಾದದ್ದು, ಸೇರಿರಲಿಲ್ಲ. ತುದಿ ಕತ್ತರಿಸಿ, ಕರಿ ಟೇಪು ಸುತ್ತಿ, ಟೇಪು ಬಿಚ್ಚದ ಹಾಗೆ ಮೇಲೆ ನೂಲು ಕಟ್ಟಿತ್ತು. ನೂಲಿನ ಆ ಗಂಟು ನನಗೆ ಗೊತ್ತು. ಅಪ್ಪ ನನ್ನ ಪುಸ್ತಕದ ಕಟ್ಟಿಗೂ ಅದೇ ಗಂಟು ಹಾಕಿಕೊಡುತ್ತಿದ್ದ.

ರೇಡಿಯೊ ಡಬ್ಬ ಬಿಚ್ಚಿದರೆ ಅದರಲ್ಲೂ ಅದೇ. ಹಸಿರು ತಂತಿ, ಟೇಪು, ನೂಲು, ಗಂಟು.

"ಬೇಕೂಂತ್ಲೇ ತೆಗೆದಿರೋದು ಮೇಡಂ," ಎಂದ ಆತ. "ಎರಡು ಸೆಟ್ಟಿಗೂ ಅರ್ಥ್ ಕೊಟ್ಟು ಒಂದಕ್ಕೊಂದು ಸೇರ್ಸಿದ್ರೆ ಸ್ಪೀಕರಲ್ಲಿ ಗುಂಯ್ ಅಂತ ಸೌಂಡ್ ಬರತ್ತೆ. ಅದು ಹೋಗ್ಲೀಂತ ಹಿಂಗೆ ಮಾಡೋರು ಆವಾಗ. ಆ ಗುಂಯ್ ಅನ್ನೋ ಹಮ್ ಹೋಗತ್ತೆ, ಆದ್ರೆ..." ಎಂದು ನಿಲ್ಲಿಸಿದ.

ನನಗೆ ಜಾಲಹಳ್ಳಿಯ ಭಾನುವಾರಗಳು ನೆನಪಾದವು. ಅಪ್ಪನ ಗೆಳೆಯರು ಪ್ರತಿ ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸೇರಿ ಅವರವರ ಸೆಟ್ಟಿನ ಪರೀಕ್ಷೆ ಮಾಡುತ್ತಿದ್ದರು. ಪರೀಕ್ಷೆ ಹಾಡಿನದಲ್ಲ, ಮೌನದ್ದು. ಏನನ್ನೂ ಹಾಕದೆ ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಿ, ದೊಡ್ಡ ದೊಡ್ಡ ಮೀಸೆಯ ಗಂಡಸರು ನೆಲದ ಮೇಲೆ ಮಂಡಿಯೂರಿ ಸ್ಪೀಕರಿಗೆ ಕಿವಿ ಹಚ್ಚುತ್ತಿದ್ದರು. ಗುಂಯ್ ಎಂದರೆ ಫೇಲು. ಮೇಲೆ ವಿಮಾನ ಹೋದರೆ ಅದು ದೂರವಾಗುವವರೆಗೆ ಯಾರೂ ಉಸಿರೆತ್ತದೆ ಕಾಯುತ್ತಿದ್ದರು. ಅಪ್ಪನ ಸೆಟ್ಟು ಬಹಳ ಕಾಲ ಫೇಲಾಗುತ್ತಲೇ ಇತ್ತು. ಒಂದು ಭಾನುವಾರ ಮಾತ್ರ ಎಲ್ಲರೂ ಕಿವಿಯಿಟ್ಟು, ಒಬ್ಬರ ಮುಖ ಒಬ್ಬರು ನೋಡಿ, ಅಪ್ಪನ ಬೆನ್ನು ತಟ್ಟಿದರು. ಅಪ್ಪ ನನ್ನನ್ನು ಎತ್ತಿಕೊಂಡು ಸ್ಪೀಕರಿನ ಹತ್ತಿರ ಹಿಡಿದು, "ಏನ್ ಕೇಳ್ತು ಪುಟ್ಟಾ?" ಎಂದ. "ಏನೂ ಇಲ್ಲ," ಎಂದೆ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಿದ್ದು ನನ್ನ ಮದುವೆಯ ದಿನವೇ.

ಆ 'ಏನೂ ಇಲ್ಲ' ಎಂಬುದನ್ನು ಅಪ್ಪ ಹೇಗೆ ಮಾಡಿದ್ದ ಅನ್ನುವುದು ಈಗ ನನ್ನೆದುರು ಬಿಚ್ಚಿಕೊಂಡು ಕೂತಿತ್ತು. ಮೊದಲು ಒಂದು ಡಬ್ಬದ ತಂತಿ ಕತ್ತರಿಸಿರಬೇಕು. ಗುಂಯ್ ಕಮ್ಮಿಯಾಗಿದ್ದರೂ ಪೂರ್ತಿ ಹೋಗಿರಲಿಕ್ಕಿಲ್ಲ, ಇನ್ನೊಂದನ್ನೂ ಕತ್ತರಿಸಿದ. ನಮಗೆ ಮಳೆಯಲ್ಲಿ ಕರೆಂಟ್ ಕಂಬದ ಹತ್ತಿರ ಹೋಗಬೇಡಿ ಎಂದು ಗದರುತ್ತಿದ್ದ ಅಪ್ಪ! ಆ ಡಬ್ಬದ ಪಕ್ಕದಲ್ಲಿ ನಾನು ಆಡಿದ್ದೇನೆ, ಅದರ ಮೇಲೆ ಹಾಲಿನ ಲೋಟ ಇಟ್ಟಿದ್ದೇನೆ, ಈಗ ಹಾಸ್ಟೆಲಿನಲ್ಲಿರುವ ನನ್ನ ಮಗಳು ಅಜ್ಜನ ಮನೆಯಲ್ಲಿ ಅದನ್ನು ಹಿಡಿದುಕೊಂಡು ನಿಲ್ಲಲು ಕಲಿತಿದ್ದಾಳೆ. ಅಪ್ಪನ ಮೇಲೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ಅವನು ಈಗ ಇಲ್ಲ, ಕೇಳುವುದು ಯಾರನ್ನು ಎಂದು ಅಳು ಬಂತು.

"ಏನ್ ಮಾಡ್ಲಿ ಹೇಳಿ," ಎಂದೆ.

ಆತ ಕೈ ಒರೆಸಿಕೊಂಡ. "ಹೊಸ ಟ್ರಾನ್ಸ್‌ಫಾರ್ಮರ್ ಹಾಕ್ಬಹುದು, ಅರ್ಥ್ ಸೇರ್ಸ್ಬಹುದು. ಆದ್ರೆ ನಿಮ್ಗೆ ನಿಜ ಹೇಳ್ತೀನಿ, ಹಳೇ ಸೆಟ್ಟು, ವಯಸ್ಸಾದೋರು ಮುಟ್ಟೋದು ಅಂತೀರ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ ತಲೆ ಮೇಲೆ ಬರತ್ತೆ. ನಂಗೂ ಭಯ ಮೇಡಂ. ಹೊಸದೇ ತಗೊಂಬಿಡಿ."

ಗಂಡ ನನ್ನತ್ತ ನೋಡಿದ. ನನ್ನ ಕಣ್ಣ ಮುಂದೆ ಬಂದದ್ದು ಮನೆಯಲ್ಲಿ ಮಂಚದ ಮೇಲೆ ಕೂತ ಅಮ್ಮ. ಒಳಕೋಣೆಯಿಂದ ಆತನ ತಾಯಿ ಏನೋ ಕೇಳಿದಳು. ಆತ ಗಟ್ಟಿಯಾಗಿ ಉತ್ತರ ಕೊಟ್ಟ.

"ನಮ್ಮಮ್ಮನಿಗೆ ಕಣ್ಣು ಕಾಣಲ್ಲ," ಎಂದೆ. "ಈ ಸ್ವಿಚ್ ಒಂದೇ ಅವ್ರಿಗೆ ಸಿಗೋದು. ಹೊಸದು ಬೇಡ. ರಿಪೇರಿ ಮಾಡಿ."

ಆತ ಮತ್ತೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. "ಸರಿ. ಒಂದಕ್ಕೆ ಮಾತ್ರ ಅರ್ಥ್ ಕೊಡ್ತೀನಿ, ಆವಾಗ ಹಮ್ ಬರಲ್ಲ. ಎರಡೂ ಸೆಟ್ಟು ವೈರಲ್ಲಿ ಸೇರಿರತ್ತಲ್ಲ, ಸೇಫೇ."

"ಆ ಮಧ್ಯದ ವೈರು ಯಾರಾದ್ರೂ ಎಳೆದ್ರೆ?"

"ಆವಾಗ... ಅದು ಬೇರೆ."

"ಎರಡಕ್ಕೂ ಕೊಡಿ."

"ಗುಂಯ್ ಅನ್ನತ್ತೆ ಮೇಡಂ, ಆಮೇಲೆ ಕಂಪ್ಲೇಂಟ್ ಮಾಡ್ಬಾರ್ದು."

"ಅನ್ನಲಿ," ಎಂದೆ. ಅಪ್ಪ ಓಡಿಸಿದ್ದ ಸದ್ದನ್ನು ನಾನು ಮನೆಗೆ ವಾಪಸು ಕರೆತರುತ್ತಿದ್ದೆ.

ಭಯಕ್ಕೆ ಒಂದು ಗುಣವಿದೆ, ಒಂದು ಕಡೆ ಬಾಗಿಲು ಹಾಕಿದರೆ ಇನ್ನೊಂದು ಕಡೆ ಬಂದು ನಿಲ್ಲುತ್ತದೆ. ಸೆಟ್ಟು ರಿಪೇರಿಯಾಗಿ ಬರುವುದರೊಳಗೆ ನನಗೆ ಗೋಡೆಯ ಸಾಕೆಟ್ಟಿನ ಮೇಲೆ ಅನುಮಾನ ಹುಟ್ಟಿತು. ಡಬ್ಬದ ತಂತಿಯೇನೋ ಪ್ಲಗ್ಗಿಗೆ ಸೇರುತ್ತದೆ, ಗೋಡೆಯ ಆ ಮೂರನೆಯ ತೂತು ನೆಲಕ್ಕೆ ಸೇರಿದೆ ಎಂದು ಯಾರು ಹೇಳಬೇಕು? ಎಲೆಕ್ಟ್ರಿಷಿಯನ್ ಬಂದು ಕರೆಂಟಿನ ತೂತಿಗೂ ಆ ಮೂರನೆಯ ತೂತಿಗೂ ಬಲ್ಬು ಹಚ್ಚಿ ನೋಡಿದ. ಅದು ಹೊಟ್ಟೆಗಿಲ್ಲದವರ ಹಾಗೆ ಮಂಕಾಗಿ ಉರಿಯಿತು. ಗೇಟಿನ ಪಕ್ಕದಲ್ಲಿ ಮನೆಯ ಅರ್ಥ್ ತಂತಿ ನೆಲಕ್ಕೆ ಇಳಿಯುವ ಗುಂಡಿ ಪೂರ್ತಿ ಒಣಗಿ ಹೋಗಿತ್ತು. ಅದರ ಮೇಲೆ ನಾವೇ ಗುಲಾಬಿ ಕುಂಡ ಇಟ್ಟಿದ್ದೆವು. ಉಪ್ಪು, ಇದ್ದಿಲು ಹಾಕಿ ನೀರು ಹೊಯ್ಯಿರಿ, ದಿನಾ ಹೊಯ್ಯುತ್ತಿರಿ ಎಂದ. ನನ್ನನ್ನು ಗೇಲಿ ಮಾಡುವ ಗಂಡನೇ ಬಕೆಟ್ ಮೇಲೆ ಬಕೆಟ್ ಹೊಯ್ದ. ಮಾರನೆಯ ದಿನ ಬಲ್ಬು ಝಗ್ಗನೆ ಹತ್ತಿತು. ಅವನ ಮುಖ ನೋಡಿದೆ. ಅವನೂ ಇಷ್ಟು ದಿನ ಹೆದರಿಕೊಂಡೇ ಇದ್ದ ಅನ್ನುವುದು ಆವಾಗ ಗೊತ್ತಾಯಿತು.

ಸೆಟ್ಟು ಬಂತು. ಅಮ್ಮನಿಗೆ ಇನ್ನೂ ಹೇಳಿರಲಿಲ್ಲ. ಗಂಡ ಎರಡೂ ಡಬ್ಬ ಮೊದಲಿನ ಹಾಗೇ ಒಂದರ ಮೇಲೊಂದು ಇಟ್ಟು, ಪ್ಲಗ್ ಹಾಕಿ, ಸ್ವಿಚ್ ಒತ್ತಿದ. ದನಿ ಪೂರ್ತಿ ಇಳಿದಿತ್ತು. ಆದರೂ ಸ್ಪೀಕರಿನಿಂದ ಸಣ್ಣಗೆ, ಮುಚ್ಚಿದ ಕೋಣೆಯಲ್ಲಿ ದುಂಬಿ ಸಿಕ್ಕಿಕೊಂಡ ಹಾಗೆ, ಗುಂಯ್ ಎಂಬ ಸದ್ದು ಬಂತು.

ಒಳಗೆ ಮಂಚ ಕಿರುಗುಟ್ಟಿತು. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಂದು ನಿಂತಳು.

"ಬಂತಾ ಅದು?" ಎಂದಳು.

"ಯಾವ್ದಮ್ಮಾ?"

"ಗುಂಯ್ ಅನ್ನೋದು. ಮೊದ್ಲು ಹಿಂಗೇ ಇತ್ತು ಕಣೆ. ನಾನು ಅಡಿಗೆಮನೇಲಿದ್ರೂ ಗೊತ್ತಾಗೋದು ಸೆಟ್ಟು ಆನ್ ಇದೆ ಅಂತ. ನಿಮ್ಮಪ್ಪಂಗೆ ಅದನ್ನ ಕಂಡ್ರೆ ಆಗ್ತಿರ್ಲಿಲ್ಲ. ಓಡ್ಸಿಬಿಟ್ರು."

ಹಸಿರು ತಂತಿಯ ವಿಷಯ ಅವಳಿಗೆ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ.

ಮಾರನೆಯ ಬೆಳಿಗ್ಗೆ ಅಮ್ಮ ಎದ್ದು ಸ್ನಾನಕ್ಕೆ ಹೋದಳು. ಬಚ್ಚಲಲ್ಲಿ ನೀರಿನ ಸದ್ದು ನಿಲ್ಲುವುದನ್ನೇ ಕಾಯುತ್ತಿದ್ದೆ. ಎಲ್ಲ ಸರಿಯಾಗಿದೆ, ಇಬ್ಬರು ನೋಡಿದ್ದಾರೆ, ಬಲ್ಬು ಝಗ್ಗನೆ ಉರಿದಿದೆ. ಅದೆಲ್ಲ ತಲೆಗೆ ಗೊತ್ತು, ಎದೆಗೆ ಗೊತ್ತಾಗಬೇಕಲ್ಲ. ಅವಳಿಗಿಂತ ಮೊದಲು ಹಾಲ್‌ಗೆ ಹೋಗಿ ಸ್ವಿಚ್ ಒತ್ತಿ, ಕೈ ಒದ್ದೆ ಮಾಡಿಕೊಂಡು, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಡಬ್ಬದ ಮೇಲೆ ಅಂಗೈ ಇಟ್ಟೆ. ಏನೂ ಇಲ್ಲ. ತಣ್ಣಗಿನ ಕಬ್ಬಿಣ. ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ. ನಾನು ಮುಟ್ಟಿಕೊಂಡಿರುವಷ್ಟು ಹೊತ್ತು ಏನಾದರೂ ಆದರೆ ನನಗೆ ಆಗಲಿ ಎಂಬಂತೆ ನಿಂತಿದ್ದೆ.

ಅಮ್ಮ ಗೋಡೆ ಸವರಿಕೊಂಡು ಬಂದಳು. ತಲೆಗೆ ಒದ್ದೆ ಟವೆಲ್. ಅಭ್ಯಾಸಬಲದಿಂದ ಅವಳ ಕೈ ಡಬ್ಬದ ಕಡೆ ಚಾಚಿತು. ಅವಳ ಬೆರಳಿಗೆ ಸಿಕ್ಕಿದ್ದು ಕಬ್ಬಿಣವಲ್ಲ, ನನ್ನ ಕೈ. ಸವರಿ ನೋಡಿದಳು, ಬಳೆ ಮುಟ್ಟಿದಳು, ನಾನೇ ಎಂದು ಗುರುತಾಯಿತು.

"ಇಲ್ಯಾಕೆ ಕೈ ಇಟ್ಕೊಂಡ್ ನಿಂತಿದೀಯ? ಅದೂ ಒದ್ದೆ ಕೈ," ಎಂದಳು. "ತೆಗಿ. ಆನ್ ಇದೆ, ನಂಗೆ ಕೇಳಿಸ್ತಿದೆ."

ಕೈ ತೆಗೆದೆ. ಅಮ್ಮ ಡಬ್ಬವನ್ನು ಮುಟ್ಟದೆ, ನೇರ ಗುಂಡಿಗೆ ಬೆರಳು ಹಾಕಿ ದನಿ ಏರಿಸಿದಳು. ವಾರ್ತೆ ಶುರುವಾಗಿತ್ತು.